ಇಬ್ರಾಹಿಂಪುರದ ಚಂದ್ರದರ್ಶನ

ಕನ್ನಡ ನುಡಿಯಲ್ಲಿ ಚಂದ್ರನಿಗೂ ಮಾಸಕ್ಕೂ ಒಂದೇ ಹೆಸರು: ತಿಂಗಳು. ಕಾಲವನ್ನು ಅಳೆಯುವ ಅಳತೆಗೋಲೂ ಅವನೇ, ಮನಸ್ಸನ್ನು ತಣಿಸುವ ಬೆಳಕೂ ಅವನೇ ಎಂಬ ಅರಿವು ಆ ಒಂದು ಶಬ್ದದಲ್ಲಿ ಅಡಗಿದೆ. ಸಂಸ್ಕೃತ ನಿಘಂಟುಕಾರರು ಅವನಿಗೆ ಕೊಟ್ಟ ಹೆಸರುಗಳಂತೂ ಹಲವು. ಅವನ ಮೈಮೇಲಿನ ಕಪ್ಪಿನಲ್ಲಿ ಮೊಲವನ್ನು ಕಂಡವರು ಶಶಾಂಕನೆಂದರು; ಜಿಂಕೆಯನ್ನು ಕಂಡವರು ಮೃಗಾಂಕನೆಂದರು; ದಿನದಿನದ ಏರಿಳಿತವನ್ನು ಗಮನಿಸಿದವರು ಕಲಾನಿಧಿಯೆಂದರು. ಇರುಳನ್ನು ಮಾಡುವವನೆಂಬ ಅರ್ಥದ ‘ದೋಷಾಕರ’ ಶಬ್ದವನ್ನು ಶ್ಲೇಷಪ್ರಿಯರಾದ ಕವಿಗಳು ‘ದೋಷಗಳಿಗೆ ಆಕರ’ ಎಂದು ಬಿಡಿಸಿ ನಕ್ಕದ್ದೂ ಉಂಟು. ಕಣ್ಣಿಗೆ ಬಿದ್ದ ಕಲೆ ಏನೆಂದು ಕೇಳುವುದು, ಕಂಡದ್ದಕ್ಕೆ ಹೆಸರಿಡುವುದು ಮಾನವನ ಸಹಜ ಸ್ವಭಾವ. ಆ ಸ್ವಭಾವವೇ ಒಬ್ಬನನ್ನು ಕವಿಯನ್ನಾಗಿಯೂ ಮತ್ತೊಬ್ಬನನ್ನು ಖಗೋಳಜ್ಞನನ್ನಾಗಿಯೂ ಮಾಡಿದೆ.

ವಿಜಯಪುರ ನಗರದ ಇಬ್ರಾಹಿಂಪುರದಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರಿದ್ದಾರೆ. ಓಣಿಯವರೆಲ್ಲ ಅವರನ್ನು ಮಾಸ್ತರರೆಂದೇ ಕರೆಯುತ್ತಾರೆ. ಆರು ಅಂಗುಲ ವ್ಯಾಸದ ಕನ್ನಡಿಯುಳ್ಳ ಒಂದು ದೂರದರ್ಶಕ, ಜನರ ಬಾಯಲ್ಲಿ ಹೇಳುವುದಾದರೆ ಒಂದು ದೊಡ್ಡ ದುರ್ಬೀನು, ಅವರ ಬಳಿ ಬಹುಕಾಲದಿಂದ ಇದೆ. ಶುಕ್ಲಪಕ್ಷದ ಸಂಜೆಗಳಲ್ಲಿ ಅದನ್ನು ಮನೆಯ ಮುಂದಿನ ಬಯಲಿಗೆ ತಂದಿರಿಸಿ, ಬಂದ ಮಕ್ಕಳಿಗೆಲ್ಲ ಚಂದ್ರನನ್ನು ತೋರಿಸುವುದು ಅವರು ಸೇವೆಯಲ್ಲಿದ್ದಾಗಲೂ ನಿವೃತ್ತರಾದ ಮೇಲೂ ಬಿಡದೆ ನಡೆಸಿಕೊಂಡು ಬಂದ ವ್ರತ. ಕೆಲವು ವರ್ಷಗಳ ಹಿಂದೆ ಆ ವ್ರತಕ್ಕೆ ಭಂಗ ಬರುವ ಕಾಲ ಒದಗಿತು. ಮಾಸ್ತರರ ಎರಡೂ ಕಣ್ಣುಗಳಲ್ಲಿ ನಟ್ಟ ನಡುವಿನ ನೋಟ ಮಸುಕಾಗತೊಡಗಿತು. ಎದುರಿಗೆ ಬಂದವರ ಭುಜ ಕಾಣುವುದು, ಮುಖ ಕಾಣದು. ಪುಟದ ಅಂಚು ಕಾಣುವುದು, ಅಕ್ಷರ ಕಾಣದು. ಇದು ವಯೋಧರ್ಮದ ವ್ಯಾಧಿ, ಹೋದ ದೃಷ್ಟಿ ಮರಳಿ ಬರುವಂಥದಲ್ಲ ಎಂದು ವೈದ್ಯರು ತಿಳಿಸಿದರು. ದೂರದರ್ಶಕದ ಕಣ್ಣುಮಸೂರದಲ್ಲಿ ಇಣುಕಿದರೆ ಚಂದ್ರನಿರಬೇಕಾದ ಎಡೆಯಲ್ಲಿ ಅವರಿಗೆ ಒಂದು ಬೂದಿಬಣ್ಣದ ಮಬ್ಬು ಮಾತ್ರ ತೋರುತ್ತಿತ್ತು.

ಆ ದುರ್ಬೀನನ್ನು ಬಟ್ಟೆ ಸುತ್ತಿ ಅಟ್ಟಕ್ಕೇರಿಸಬಹುದಾಗಿತ್ತು. ಮಾಸ್ತರರು ಹಾಗೆ ಮಾಡಲಿಲ್ಲ. ಗಣಕಯಂತ್ರಕ್ಕೆ ಜೋಡಿಸುವ ಪುಟ್ಟ ವಿಡಿಯೋ ಕ್ಯಾಮರಾ ಒಂದನ್ನು ತರಿಸಿ, ಅದರ ಮುಂದಿನ ಮಸೂರವನ್ನು ತಿರುಗಿಸಿ ಕಳಚಿದರು. ಹಿಂದಿನ ಕಾಲದ ಫೋಟೋ ರೀಲಿನ ಪ್ಲಾಸ್ಟಿಕ್ ಡಬ್ಬಿಯ ತಳವನ್ನು ಕತ್ತರಿಸಿ, ಕ್ಯಾಮರಾದ ಮುಂಭಾಗಕ್ಕೆ ಅಂಟಿಸಿದರು. ಆ ಡಬ್ಬಿಯ ಸುತ್ತಳತೆಯು ಕಣ್ಣುಮಸೂರವನ್ನು ತೂರಿಸುವ ಒಂದೂಕಾಲು ಅಂಗುಲದ ಕೊಳವೆಗೆ ಹೇಳಿ ಮಾಡಿಸಿದಂತೆ ಕೂಡುತ್ತದೆ. ಈಗ ಕಣ್ಣುಮಸೂರವೂ ಬೇಕಿಲ್ಲ, ಇಣುಕುವ ಕಣ್ಣೂ ಬೇಕಿಲ್ಲ. ಕನ್ನಡಿಯು ಕೂಡಿಸಿದ ಬೆಳಕು ನೇರವಾಗಿ ಕ್ಯಾಮರಾದೊಳಗಿನ ಬೆಳಕು ಹಿಡಿಯುವ ಬಿಲ್ಲೆಯ ಮೇಲೆ ಬಿದ್ದು, ಮೇಜಿನ ಮೇಲಿನ ಪರದೆಯಲ್ಲಿ ಚಂದ್ರಬಿಂಬವಾಗಿ ಮೂಡುತ್ತದೆ. ದೂರದರ್ಶಕಕ್ಕೆ ದೂರದರ್ಶನವನ್ನೇ ಗಂಟುಹಾಕಿದಂತಾಯಿತೆಂದು ಮಾಸ್ತರರು ವಿನೋದವಾಗಿ ಹೇಳುವುದುಂಟು. ದೊಡ್ಡ ಪರದೆಯಾದುದರಿಂದ ಓರೆನೋಟದಿಂದ ನೋಡಿದರೆ ಬಿಂಬದ ಸ್ಥೂಲರೂಪ ಅವರಿಗೂ ಗೋಚರಿಸುತ್ತದೆ. ಸೂಕ್ಷ್ಮವು ಮಾತ್ರ ಗೋಚರಿಸದು.

ವಿಜಯಪುರದ ನೆಲಕ್ಕೆ ದೂರದರ್ಶಕವು ಹೊಸದಲ್ಲವೆಂಬುದನ್ನು ಇಲ್ಲಿ ಸ್ಮರಿಸುವುದು ಉಚಿತ. ೧೬೦೯ರ ಕೊನೆಯಲ್ಲಿ ಇಟಲಿಯ ಗೆಲಿಲಿಯೋ ತನ್ನ ನಳಿಕೆಯನ್ನು ಚಂದ್ರನತ್ತ ತಿರುಗಿಸಿದಾಗ ಇಲ್ಲಿ ‘ಕಿತಾಬ್-ಎ-ನೌರಸ್’ ರಚಿಸಿದ ಎರಡನೆಯ ಇಬ್ರಾಹಿಂ ಆದಿಲಶಾಹ ಆಳುತ್ತಿದ್ದ. ಗೆಲಿಲಿಯೋ ಚಂದ್ರನ ಮೇಲೆ ಬೆಟ್ಟಗಳ ನೆರಳನ್ನು ಕಂಡು, ಅವುಗಳ ಎತ್ತರವನ್ನು ಗಣಿಸಿ, ೧೬೧೦ರಲ್ಲಿ ಗ್ರಂಥವಾಗಿ ಪ್ರಕಟಿಸಿದ. ಅದಾದ ಎರಡೂವರೆ ಶತಮಾನಗಳ ಮೇಲೆ, ೧೮೬೮ರ ಆಗಸ್ಟ್ ೧೮ರಂದು, ಚಂದ್ರನ ನೆರಳೇ ವಿಜಯಪುರದ ಮೇಲೆ ಹಾದುಹೋಯಿತು. ಅಂದಿನ ಖಗ್ರಾಸ ಸೂರ್ಯಗ್ರಹಣವನ್ನು ಪರೀಕ್ಷಿಸಲು ಕ್ಯಾಪ್ಟನ್ ಹೇಗ್ ಎಂಬ ಸೈನ್ಯದ ಇಂಜಿನಿಯರ್ ಅಧಿಕಾರಿ ವಿಜಯಪುರದಲ್ಲಿ ಬೀಡುಬಿಟ್ಟಿದ್ದ. ಲೆಫ್ಟಿನೆಂಟ್ ಜಾನ್ ಹರ್ಷಲ್ ಎಂಬವನು ನೆರೆಯ ಜಮಖಂಡಿಯಲ್ಲಿ ನಿಂತಿದ್ದ. ಶ್ರಾವಣದ ಮೋಡಗಳ ಕಾಟ ಜಮಖಂಡಿಯವನಿಗೆ ತಪ್ಪಲಿಲ್ಲ. ಆದರೂ ಚಂದ್ರಬಿಂಬವು ಸೂರ್ಯನನ್ನು ಪೂರ್ತಿಯಾಗಿ ಮುಚ್ಚಿದ ಆ ಕೆಲವು ನಿಮಿಷಗಳಲ್ಲಿ, ಅಂಚಿನಿಂದ ಚಾಚಿದ ಕೆಂಜ್ವಾಲೆಗಳ ಬೆಳಕನ್ನು ಇಬ್ಬರೂ ವರ್ಣಪಟಲವಾಗಿ ಒಡೆದು ನೋಡಿದರು. ಹೇಗನಿಗೆ ಕಂಡದ್ದು ಎರಡು ಹೊಳೆಯುವ ಪಟ್ಟೆಗಳು: ಒಂದು ಗುಲಾಬಿಗೆಂಪು, ಇನ್ನೊಂದು ತಿಳಿಬಂಗಾರದ ಬಣ್ಣ. ಆ ಗ್ರಹಣದಲ್ಲಿ ಹಲವರು ಕಂಡ ಹೊಂಬಣ್ಣದ ಗೆರೆಯೇ ಹೀಲಿಯಂ ಎಂಬ ಹೊಸ ಮೂಲವಸ್ತುವಿನ ಗುರುತೆಂದು ಮುಂದೆ ನಿರ್ಧಾರವಾಯಿತು. ೧೮೯೫ರಲ್ಲಿ ಅದು ಭೂಮಿಯ ಮೇಲೆಯೂ ದೊರಕಿತು.

ಇದರಲ್ಲಿ ಗಮನಿಸತಕ್ಕ ಅಂಶವೊಂದಿದೆ. ಅಂದು ಹೇಗನ ಕಣ್ಣು ಕಂಡದ್ದನ್ನು ಅವನ ಪಕ್ಕದಲ್ಲಿ ನಿಂತವನು ಕಾಣುವಂತಿರಲಿಲ್ಲ. ಅವನು ಹೇಳಿದ್ದೇ ಸಾಕ್ಷಿ, ಬರೆದದ್ದೇ ಪ್ರಮಾಣ. ಅದೇ ದಿನ ಆಂಧ್ರದ ಗುಂಟೂರಿನಲ್ಲಿ ಮೇಜರ್ ಟೆನಂಟ್ ಎಂಬವನು ಗಾಜಿನ ಫಲಕಗಳ ಮೇಲೆ ಗ್ರಹಣದ ಛಾಯಾಚಿತ್ರಗಳನ್ನು ಹಿಡಿದಿದ್ದ. ವಿಜಯಪುರದಲ್ಲಿ ಉಳಿದದ್ದು ಒಬ್ಬನ ಮಾತು. ಗುಂಟೂರಿನಲ್ಲಿ ಉಳಿದದ್ದು ಎಲ್ಲರೂ ಕೈಯಲ್ಲಿ ಹಿಡಿದು ನೋಡಬಹುದಾದ ಬಿಂಬ. ಒಬ್ಬನ ನೋಟ ಹಲವರ ನೋಟವಾಗಬೇಕೆಂಬ ಹಂಬಲವೇ ದೂರದರ್ಶಕಕ್ಕೆ ಕ್ಯಾಮರಾವನ್ನು ಜೋಡಿಸಿತು. ೧೮೪೦ರಲ್ಲಿ ನ್ಯೂಯಾರ್ಕಿನ ಜಾನ್ ವಿಲಿಯಂ ಡ್ರೇಪರ್ ಬೆಳ್ಳಿಯ ಲೇಪವುಳ್ಳ ಫಲಕದ ಮೇಲೆ ಚಂದ್ರನನ್ನು ಹಿಡಿದಂದಿನಿಂದ ಇಬ್ರಾಹಿಂಪುರದ ಬಯಲಿನವರೆಗೆ ಆ ಹಂಬಲದ್ದು ಒಂದೇ ದಾರಿ.

ಹಾಗಾದರೆ ಒಂದು ಛಾಯಾಚಿತ್ರ ಸಾಲದೆ? ಚಲಿಸುವ ಚಿತ್ರವನ್ನೇ ತೆಗೆಯುವ ವಿಡಿಯೋ ಕ್ಯಾಮರಾ ಏತಕ್ಕೆ? ಚಂದ್ರನೇನು ಕುಣಿಯುವನೆ? ಎಂಬ ಪ್ರಶ್ನೆ ಏಳುವುದು ಸಹಜ. ಚಂದ್ರನು ಕುಣಿಯುವುದಿಲ್ಲ, ಕುಣಿಯುವುದು ಗಾಳಿ. ಸುಮಾರು ೩,೮೪,೦೦೦ ಕಿಲೋಮೀಟರ್ ದೂರವನ್ನು ಒಂದೂಕಾಲು ಸೆಕೆಂಡಿನಲ್ಲಿ ನೇರವಾಗಿ ಕ್ರಮಿಸಿ ಬಂದ ಬೆಳಕು, ಕೊನೆಯ ಕೆಲವು ಕಿಲೋಮೀಟರುಗಳ ಗಾಳಿಯಲ್ಲಿ ದಾರಿ ತಪ್ಪುತ್ತದೆ. ಬಿಸಿಗಾಳಿಯೂ ತಂಪುಗಾಳಿಯೂ ಬೆರೆಯುವೆಡೆಯಲ್ಲಿ ಬೆಳಕಿನ ಕಿರಣ ಅತ್ತಿತ್ತ ಬಾಗುತ್ತದೆ. ನಕ್ಷತ್ರಗಳು ಮಿನುಗುವುದು ಇದರಿಂದಲೇ. ವಿಜಯಪುರದಂಥ ಊರಿನಲ್ಲಿ ಹಗಲೆಲ್ಲ ಬಿಸಿಲುಂಡ ಹಾಸುಗಲ್ಲು, ಮಾಳಿಗೆ, ಗೋಡೆಗಳು ಸಂಜೆಯಾದ ಮೇಲೂ ಕಾವನ್ನು ಕಾರುತ್ತಲೇ ಇರುತ್ತವೆ. ಮಾಸ್ತರರು ದೂರದರ್ಶಕವನ್ನು ಮಾಳಿಗೆಗೆ ಏರಿಸದೆ ಬಯಲಿನಲ್ಲಿರಿಸುವುದೂ, ಒಂದು ತಾಸು ಮೊದಲೇ ಹೊರಗಿಟ್ಟು ಅದರ ಕನ್ನಡಿ ಹೊರಗಿನ ಗಾಳಿಯಷ್ಟು ತಣ್ಣಗಾಗಲು ಬಿಡುವುದೂ ಈ ಕಾರಣದಿಂದಲೇ. ಇಷ್ಟೆಲ್ಲ ಎಚ್ಚರ ವಹಿಸಿದರೂ ಪರದೆಯ ಮೇಲಿನ ಚಂದ್ರನು ಹರಿಯುವ ಹಳ್ಳದ ತಳದಲ್ಲಿ ಕಾಣುವ ಹರಳಿನಂತೆ ನಡುಗುತ್ತಲೇ ಇರುತ್ತಾನೆ.

ಆದರೆ ಆ ನಡುಕಕ್ಕೂ ನಡುವೆ ಬಿಡುವುಗಳಿವೆ. ಕ್ಷಣದ ಒಂದು ಅಂಶದಷ್ಟು ಕಾಲ ಗಾಳಿ ತೆಪ್ಪಗಾಗುತ್ತದೆ. ಆಗ ಕುಳಿಗಳ ಅಂಚು ಕೊರೆದಿಟ್ಟಂತೆ ಸ್ಫುಟವಾಗುತ್ತದೆ. ಕಣ್ಣು ಅದನ್ನು ಹಿಡಿಯುವಷ್ಟರಲ್ಲಿ ಮತ್ತೆ ಕದಡುತ್ತದೆ. ಒಂದೇ ಛಾಯಾಚಿತ್ರ ತೆಗೆದರೆ ಆ ಶಾಂತಕ್ಷಣವೇ ದೊರಕೀತೆಂಬ ಭರವಸೆಯಿಲ್ಲ. ವಿಡಿಯೋ ಕ್ಯಾಮರಾ ಸೆಕೆಂಡಿಗೆ ೨೫ ಚಿತ್ರಗಳಂತೆ ಎರಡು ನಿಮಿಷಗಳಲ್ಲಿ ೩,೦೦೦ ಚಿತ್ರಗಳನ್ನು ಹಿಡಿಯುತ್ತದೆ. ಅವುಗಳಲ್ಲಿ ಬಹುಪಾಲು ಕದಡಿದವು. ಸ್ಫುಟವಾದ ೪೦೦ ಚಿತ್ರಗಳನ್ನು ಆರಿಸಿ, ಉಳಿದವುಗಳನ್ನು ತ್ಯಜಿಸಿ, ಆರಿಸಿದವನ್ನು ಕುಳಿಗೆ ಕುಳಿ ಹೊಂದುವಂತೆ ಒಂದರ ಮೇಲೊಂದಿರಿಸಿ ಸರಾಸರಿ ತೆಗೆದರೆ, ಯಾವ ಒಂದು ಚಿತ್ರದಲ್ಲಿಯೂ ಇರದಿದ್ದ ಸ್ವಚ್ಛತೆ ಕೂಡಿದ ಚಿತ್ರದಲ್ಲಿ ಮೈದೋರುತ್ತದೆ. ಕ್ಯಾಮರಾದ ಸ್ವಂತ ದೋಷವಾದ ಅಡ್ಡಾದಿಡ್ಡಿ ಚುಕ್ಕಿಗಳು ಪ್ರತಿ ಚಿತ್ರದಲ್ಲಿಯೂ ಬೇರೆ ಬೇರೆ ಕಡೆ ಬಿದ್ದಿರುವುದರಿಂದ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಚಂದ್ರನ ಮೇಲಿನ ಕುಳಿ ಪ್ರತಿ ಚಿತ್ರದಲ್ಲಿಯೂ ಅಲ್ಲಿಯೇ ಇರುವುದರಿಂದ ಉಳಿದುಕೊಳ್ಳುತ್ತದೆ. ಗಣಿತದ ನಿಯಮದಂತೆ ೪೦೦ರ ವರ್ಗಮೂಲ ೨೦. ಆದುದರಿಂದ ಆ ದೋಷವು ಇಪ್ಪತ್ತನೆಯ ಒಂದು ಪಾಲಿಗೆ ಇಳಿಯುತ್ತದೆ.

ಗೋಳಗುಮ್ಮಟವನ್ನು ಏರಿದವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಅಲ್ಲಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಂದು ಕಡೆ ಮೆಲ್ಲನೆ ಆಡಿದ ಮಾತು ಎದುರುಗಡೆಯ ಗೋಡೆಗೆ ಕಿವಿಗೊಟ್ಟವನಿಗೆ ಸ್ಪಷ್ಟವಾಗಿ ಕೇಳುತ್ತದೆ. ಆದರೆ ಜಾತ್ರೆಯ ದಿನಗಳಲ್ಲಿ ನೂರಾರು ಜನ ಕೂಗಿ ಚಪ್ಪಾಳೆ ತಟ್ಟುವಾಗ ಯಾವ ಮಾತೂ ಕೇಳದು. ಗದ್ದಲದ ನಡುವೆ ಒಂದು ಗಳಿಗೆ ಮೌನ ಮೂಡುವವರೆಗೆ ಕಾದವನಿಗೆ ಮಾತ್ರ ಆ ಪಿಸುಮಾತು ದಕ್ಕುತ್ತದೆ. ಚಂದ್ರನ ಚಿತ್ರ ತೆಗೆಯುವವನು ಮಾಡುವುದೂ ಇದನ್ನೇ. ಅವನ ಮುಖ್ಯ ಸಾಮಗ್ರಿ ಸಹನೆ.

ಕಳೆದ ಫಾಲ್ಗುಣದ ಶುಕ್ಲ ಅಷ್ಟಮಿಯ ಸಂಜೆ. ವಿಜಯಪುರವು ಸುಮಾರು ೧೬.೮ ಅಂಶ ಅಕ್ಷಾಂಶದಲ್ಲಿರುವುದರಿಂದ ಆ ತಿಂಗಳ ಅರ್ಧಚಂದ್ರನು ಮುಸ್ಸಂಜೆಯಲ್ಲಿ ನೆತ್ತಿಯ ಸಮೀಪದಲ್ಲಿಯೇ ಇರುತ್ತಾನೆ. ಅಡ್ಡಗಾಳಿ ಕಡಿಮೆ, ಧೂಳು ಕಡಿಮೆ. ಯುರೋಪಿನ ಖಗೋಳಜ್ಞರಿಗೆ ಸುಲಭವಾಗಿ ಸಿಗದ ಭಾಗ್ಯವಿದು. ಪೂರ್ಣಚಂದ್ರನಿಗಿಂತ ಅರ್ಧಚಂದ್ರನೇ ಇಂಥ ದರ್ಶನಕ್ಕೆ ಉತ್ತಮ. ಹುಣ್ಣಿಮೆಯಲ್ಲಿ ಸೂರ್ಯನ ಬೆಳಕು ನೇರವಾಗಿ ಬಿದ್ದು ನೆರಳೇ ಇರುವುದಿಲ್ಲ. ಬೆಟ್ಟವೂ ಬಯಲೂ ಒಂದೇ ಆಗಿ ತೋರುತ್ತವೆ. ಅಷ್ಟಮಿಯಂದು ಬೆಳಕು ಕತ್ತಲೆಗಳ ಗಡಿಯಲ್ಲಿ ಸೂರ್ಯೋದಯವಾಗುತ್ತಿರುತ್ತದೆ. ಅಲ್ಲಿ ಬೆಟ್ಟದ ತುದಿಗೆ ಬಿಸಿಲು, ಬುಡಕ್ಕೆ ಇರುಳು. ಎತ್ತರ ತಗ್ಗುಗಳನ್ನು ನೆರಳೇ ಹೇಳಿಕೊಡುತ್ತದೆ.

ಅಂದು ಏಳೆಂಟು ಮಕ್ಕಳು ನೆರೆದಿದ್ದರು. ಪರದೆಯ ಮೇಲೆ ಚಂದ್ರನ ಮೂರನೆಯ ಒಂದು ಪಾಲು ಕುಳಿಗಳ ಸಮೇತ ನಡುಗುತ್ತ ಮೂಡಿದಾಗ ಮಕ್ಕಳೆಲ್ಲ ಉದ್ಗರಿಸಿದರು. ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಮಾತ್ರ ಸುಮ್ಮನಿದ್ದಳು. ಕೊನೆಗೆ ಕೇಳಿಯೇ ಬಿಟ್ಟಳು: “ಸರ, ಇದು ಖರೇ ಚಂದ್ರ ಹೌದೇನ್ರಿ? ಮೊಬೈಲಿನ್ಯಾಗ ಇದಕ್ಕಿಂತ ಛಲೋ ಚಿತ್ರ ಬರ್ತಾವ್ರಿ.”

ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಹುಟ್ಟಿದಂದಿನಿಂದ ಪರದೆಯ ಮೇಲೆ ಸಾವಿರಾರು ಚಿತ್ರಗಳನ್ನು ಕಂಡ ಮಗುವಿಗೆ ಇನ್ನೊಂದು ಪರದೆಯ ಮೇಲಿನ ಇನ್ನೊಂದು ಚಿತ್ರವು ಏತಕ್ಕೆ ಹೆಚ್ಚಿನದಾಗಬೇಕು? ಕಣ್ಣುಮಸೂರದಲ್ಲಿ ಇಣುಕಿದ ಹಿಂದಿನ ತಲೆಮಾರಿನ ಮಕ್ಕಳು ಈ ಪ್ರಶ್ನೆಯನ್ನು ಕೇಳಿರಲಿಲ್ಲ. ಮಾಸ್ತರರು ಉತ್ತರವನ್ನು ಬಾಯಿಂದ ಹೇಳಲಿಲ್ಲ. ತಡವುತ್ತ ಎದ್ದು ಹೋಗಿ ದೂರದರ್ಶಕದ ಬಾಯಿಗೆ ತಮ್ಮ ಎರಡೂ ಅಂಗೈಗಳನ್ನು ಅಡ್ಡ ಹಿಡಿದರು. ಪರದೆಯ ಮೇಲಿನ ಚಂದ್ರ ಮಂಕಾಗಿ ಕರಗಿದ. ಕೈ ತೆಗೆದರು, ಚಂದ್ರ ಮರಳಿ ಬಂದ. “ಈಗ ನೀ ಹಿಡಿ ನೋಡವ್ವ” ಎಂದರು. ಹುಡುಗಿ ತಾನೇ ಕೈ ಅಡ್ಡ ಹಿಡಿದು, ತೆಗೆದು, ಮತ್ತೆ ಹಿಡಿದು, ತಿರುತಿರುಗಿ ಪರದೆಯನ್ನು ನೋಡಿದಳು. ಅಷ್ಟರಲ್ಲಿ ಕುಳಿಗಳೆಲ್ಲ ಪರದೆಯ ಒಂದು ಅಂಚಿಗೆ ಸರಿದು ಮರೆಯಾಗತೊಡಗಿದವು. “ಚಂದ್ರ ಓಡಿಹೊಂಟಾನ್ರಿ ಸರ” ಎಂದು ಕೂಗಿದಳು. “ಅಂವ ಓಡಲಿಲ್ಲವ್ವ, ನಾವು ತಿರುಗಿದಿವಿ” ಎಂದರು ಮಾಸ್ತರರು. ಭೂಮಿಯ ತಿರುಗುವಿಕೆಯಿಂದಾಗಿ, ನಿಲ್ಲಿಸಿಟ್ಟ ದೂರದರ್ಶಕದಲ್ಲಿ ಚಂದ್ರನು ಎರಡು ನಿಮಿಷಗಳಲ್ಲಿ ತನ್ನ ಇಡಿಯ ಅಗಲದಷ್ಟು ಸರಿಯುತ್ತಾನೆ. ಭೂಮಿ ತಿರುಗುತ್ತದೆಂಬುದನ್ನು ಆ ಹುಡುಗಿ ಪಾಠದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದಳು. ಕಣ್ಣಾರೆ ಕಂಡದ್ದು ಅಂದೇ.

ಆಮೇಲೆ ನಡೆದ ಸಂಗತಿಯೇ ಈ ದರ್ಶನದ ಸಾರ. ಬಿಂಬವು ಕೇಂದ್ರಕ್ಕೆ ಸರಿಯಾಗಿ ಕೂಡದೆ ಮಸುಕಾಗಿತ್ತು. ತಿರುಪನ್ನು ಎಷ್ಟು ತಿರುಗಿಸಬೇಕೆಂಬುದು ಮಾಸ್ತರರಿಗೆ ಕೈಬಲ್ಲ ವಿದ್ಯೆ. ಆದರೆ ಎಲ್ಲಿ ನಿಲ್ಲಿಸಬೇಕೆಂಬುದನ್ನು ಹೇಳಬೇಕಾದ ಕಣ್ಣು ಅವರಲ್ಲಿ ಉಳಿದಿರಲಿಲ್ಲ. ಹುಡುಗಿಯನ್ನು ಪರದೆಯ ಮುಂದೆ ಕೂಡ್ರಿಸಿ, ತಾವು ತಿರುಪನ್ನು ಹಿಡಿದರು. “ಸ್ವಚ್ಛ ಆದಕೂಡಲೆ ಹೇಳು” ಎಂದರು. ಮೊದಮೊದಲು ಅವಳು ಆತುರದಿಂದ “ಆತ್ರಿ, ಆತ್ರಿ” ಎನ್ನುತ್ತಿದ್ದಳು. “ಒಮ್ಮೆ ದಾಟಿಸಿ ಮತ್ತ ಹಿಂದಕ್ಕ ಬರ್ತೀನಿ. ಎರಡೂ ಕಡಿ ಕೆಟ್ಟ ಮ್ಯಾಲೆನ ನಡುವಿಂದು ಯಾವುದು ಅಂತ ತಿಳೀತದ” ಎಂದು ಮಾಸ್ತರರು ತಿಳಿಯಹೇಳಿದರು. ನಾಲ್ಕನೆಯ ಸಲಕ್ಕೆ ಅವಳು ಕ್ಷಣಕಾಲ ತಡೆದು, ದನಿ ತಗ್ಗಿಸಿ, “ಈಗ ಸ್ವಚ್ಛ ಐತ್ರಿ ಸರ” ಎಂದಳು. ಬೆಳಕಿನ ಗಡಿಗುಂಟ ದೊಡ್ಡ ಕುಳಿಗಳ ಸಾಲೊಂದು ನಿಂತಿತ್ತು. ಏನೇನು ಕಾಣುತ್ತಿದೆಯೆಂದು ಅವಳು ಒಂದೊಂದಾಗಿ ವರ್ಣಿಸುತ್ತ ಹೋದಳು; ನೆನಪಿನಲ್ಲಿದ್ದ ನಕಾಶೆಯಿಂದ ಮಾಸ್ತರರು ಒಂದೊಂದಕ್ಕೆ ಹೆಸರು ಹೇಳುತ್ತ ಹೋದರು. ಅಗಲವಾಗಿ ಬಟ್ಟಲಿನಂತೆ ಸಮನಾಗಿರುವುದು ಟಾಲಮಿ, ೧೫೦ ಕಿಲೋಮೀಟರಿಗಿಂತಲೂ ದೊಡ್ಡದು. ಅದರ ಕೆಳಗೆ ನಡುವೆ ಮೊನೆಯುಳ್ಳದ್ದು ಅಲ್ಫಾನ್ಸಸ್. ೧೯೬೫ರ ಮಾರ್ಚ್ ೨೪ರಂದು ರೇಂಜರ್-೯ ನೌಕೆ ತನ್ನ ಟೆಲಿವಿಷನ್ ಕ್ಯಾಮರಾಗಳಿಂದ ಐದು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಕಳಿಸುತ್ತ ಅಪ್ಪಳಿಸಿದ್ದು ಅದರೊಳಗೇ. ಅಮೆರಿಕದ ಜನ ಅದನ್ನು ಆಗಿಂದಾಗಲೇ ಮನೆಯಲ್ಲಿ ಕುಳಿತು ನೋಡಿದ್ದರು. ಟಾಲಮಿಯ ಉತ್ತರಕ್ಕೆ ಅಂಟಿಕೊಂಡಂತಿರುವ ೪೦ ಕಿಲೋಮೀಟರ್ ಅಗಲದ ಕುಳಿಯ ಹೆಸರು ಹರ್ಷಲ್. ಜಮಖಂಡಿಯಲ್ಲಿ ಮೋಡಗಳೊಡನೆ ಸೆಣಸಿದ ಲೆಫ್ಟಿನೆಂಟನ ಅಜ್ಜನಾದ ವಿಲಿಯಂ ಹರ್ಷಲನ ಹೆಸರದು. ಅವನ ತಂದೆಯ ಹೆಸರಿನ ಕುಳಿಯೂ ಚಂದ್ರನ ಉತ್ತರದ ಅಂಚಿನ ಕಡೆಗಿದೆ. ಕೃಷ್ಣಾತೀರದ ಜಮಖಂಡಿ ಸೀಮೆಯ ಹೆಸರು ಚಂದ್ರನ ಹೆಸರುಗಳಿಗೆ ಇಷ್ಟು ಹತ್ತಿರದ್ದೆಂದು ಮಕ್ಕಳು ಎಣಿಸಿರಲಿಲ್ಲ.

ಪಕ್ಕದ ಮನೆಯ ಮುದುಕಿಯೊಬ್ಬರು ಗದ್ದಲ ಕೇಳಿ ಹೊರಬಂದರು. ಮೊಣಕಾಲಿನ ನೋವಿನಿಂದ ಬಗ್ಗಲಾರದ ಅವರು ಈ ದುರ್ಬೀನಿನಲ್ಲಿ ಎಂದೂ ಇಣುಕಿದವರಲ್ಲ. “ಬರ್ರಿ ಆಯಿ, ಇಲ್ಲೆ ಕುಂದರ್ರಿ” ಎಂದು ಹುಡುಗಿ ಕುರ್ಚಿ ಸರಿಸಿದಳು. ಪರದೆಯನ್ನು ಬಹಳ ಹೊತ್ತು ನೋಡಿದ ಅವರು, “ಮೊಲ ಎಲ್ಲೈತವ್ವ?” ಎಂದು ಕೇಳಿದರು. ಮಕ್ಕಳು ನಕ್ಕರು, ಮಾಸ್ತರರು ನಗಲಿಲ್ಲ. ಕೊಳವೆಯನ್ನು ಪಕ್ಕಕ್ಕೆ ಸರಿಸಿ, ಚಂದ್ರನ ಕಪ್ಪಾದ ಭಾಗವನ್ನು ಪರದೆಗೆ ತರಿಸಿದರು. ಅಷ್ಟಮಿಯಂದು ಮೊಲದ ತಲೆಯೂ ಕಿವಿಗಳೂ ಮಾತ್ರ ಬೆಳಕಿನಲ್ಲಿರುತ್ತವೆ. ತಲೆಯಾಗಿ ತೋರುವುದು ಶಾಂತಿಸಾಗರವೆಂಬ ಬಯಲು. ೧೯೬೯ರ ಜುಲೈಯಲ್ಲಿ ಮಾನವನು ಮೊದಲ ಹೆಜ್ಜೆಯಿಟ್ಟು, ಇಪ್ಪತ್ತು ಕಿಲೋಗ್ರಾಂಗೂ ಹೆಚ್ಚು ಕಲ್ಲುಮಣ್ಣನ್ನು ತಂದದ್ದು ಆ ಮೊಲದ ತಲೆಯಿಂದಲೇ. ಪರೀಕ್ಷಿಸಿ ನೋಡಲಾಗಿ ಅದು ಬಸಾಲ್ಟ್ ಎಂಬ ಕಪ್ಪು ಶಿಲೆ, ೩೫೦ ಕೋಟಿ ವರ್ಷಗಳಿಗೂ ಹಿಂದೆ ಉಕ್ಕಿ ಹರಿದು ಹೆಪ್ಪುಗಟ್ಟಿದ ಲಾವಾ.

ಬಸಾಲ್ಟ್ ಎಂದರೆ ವಿಜಯಪುರದವರಿಗೆ ಹೊರಗಿನದಲ್ಲ. ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಹರಡಿದ ಲಾವಾಸ್ತರಗಳ ಕಪ್ಪು ಕಲ್ಲೇ ಇಲ್ಲಿಯ ನೆಲ. ಅದು ಸವೆದು ಆದದ್ದೇ ಇಲ್ಲಿಯ ಎರೆಮಣ್ಣು. ಗೋಳಗುಮ್ಮಟದ ಗೋಡೆಗಳನ್ನು ಎಬ್ಬಿಸಿದ್ದೂ ಅದೇ ಕಲ್ಲಿನಿಂದ. ವಯಸ್ಸಿನಲ್ಲಿ ಹಿರಿಕಿರಿದಾದರೂ ಜಾತಿಯಿಂದ ಎರಡೂ ಒಂದೇ. “ಆಯಿ, ಮೊಲದ ಮೈಯಾಗಿಂದು ನಮ್ಮ ಊರಿನ ಕರಿಕಲ್ಲೇ ನೋಡ್ರಿ” ಎಂದು ಮಾಸ್ತರರು ಹೇಳಿದಾಗ ಆ ವೃದ್ಧೆ ತಮ್ಮ ಮನೆಯ ಕಟ್ಟೆಯ ಕಲ್ಲಿನ ಮೇಲೊಮ್ಮೆ ಕೈಯಾಡಿಸಿದರು. ಮೊಲ ಅವರಿಂದ ದೂರವಾಗಲಿಲ್ಲ, ಇನ್ನೂ ಹತ್ತಿರವಾಯಿತು. ಚಂದ್ರನ ಕಳಂಕವೆಂದು ಕವಿಗಳು ಹಾಡಿದ್ದು ಎರೆನಾಡಿನ ಒಕ್ಕಲಿಗನ ಹೊಲದಂಥದೇ ಕಪ್ಪು ಎಂದು ತಿಳಿದರೆ ಕಾವ್ಯಕ್ಕೆ ಹಾನಿಯೇನೂ ಇಲ್ಲ. ಅಷ್ಟೇಕೆ, ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ಹನ್ನೆರಡು ಪಾಲನ್ನು ಮಾತ್ರ ಮರಳಿಸುವ ಚಂದ್ರನ ಇಡಿಯ ಮೈಯೇ ಸಾಕಷ್ಟು ಕಪ್ಪು. ಅಷ್ಟರಿಂದಲೇ ಇಷ್ಟು ಬೆಳದಿಂಗಳು.

ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನು ೧೧೫೦ರಲ್ಲಿ ‘ಸಿದ್ಧಾಂತಶಿರೋಮಣಿ’ಯನ್ನು ರಚಿಸಿದ. ಅವನ ಊರಾದ ವಿಜ್ಜಡವಿಡವು ವಿಜಯಪುರವೇ ಎಂದು ಕೆಲವು ವಿದ್ವಾಂಸರೂ, ಮಹಾರಾಷ್ಟ್ರದ ಸಹ್ಯಾದ್ರಿಯ ಸೀಮೆಯದೆಂದು ಮತ್ತೆ ಕೆಲವರೂ ಅಭಿಪ್ರಾಯಪಟ್ಟಿದ್ದಾರೆ. ಆ ವಿವಾದ ಹಾಗಿರಲಿ. ಅವನು ಯಂತ್ರಾಧ್ಯಾಯದಲ್ಲಿ ಆಕಾಶವನ್ನು ಅಳೆಯುವ ಹಲವು ಯಂತ್ರಗಳನ್ನು ವಿವರಿಸಿ, ಅವೆಲ್ಲಕ್ಕಿಂತ ಮಿಗಿಲಾದುದೆಂದು ಧೀಯಂತ್ರವನ್ನು, ಅಂದರೆ ಬುದ್ಧಿಯೆಂಬ ಯಂತ್ರವನ್ನು, ಎತ್ತಿ ಹೇಳಿದ್ದಾನೆ. ಕೈಯಲ್ಲೊಂದು ಕೋಲಿದ್ದರೆ ಸಾಕು, ಬುದ್ಧಿಯುಳ್ಳವನು ಅದರಿಂದಲೇ ದೂರವನ್ನೂ ಎತ್ತರವನ್ನೂ ಅಳೆದಾನೆಂಬುದು ಅವನ ತಾತ್ಪರ್ಯ. ಕ್ಯಾಮರಾ ೩,೦೦೦ ಚಿತ್ರಗಳನ್ನು ಹಿಡಿದೀತು. ಗಣಕಯಂತ್ರವು ಅವುಗಳನ್ನು ಸ್ಫುಟತೆಯ ಮೇರೆಗೆ ಸಾಲಾಗಿ ಜೋಡಿಸಿಯೂ ಕೊಟ್ಟೀತು. ಆದರೆ ಎಷ್ಟನ್ನು ಉಳಿಸಬೇಕು, ಎಲ್ಲಿ ನಿಲ್ಲಬೇಕು, ಅತಿಯಾಗಿ ತೀಡಿದಾಗ ಅಂಚಿನಲ್ಲಿ ಮೂಡುವ ಹುಸಿಗೆರೆಯನ್ನು ಬೆಟ್ಟವೆಂದು ಭ್ರಮಿಸದಿರುವುದು ಹೇಗೆ ಎಂಬುದನ್ನು ನಿರ್ಣಯಿಸುವುದು ಧೀಯಂತ್ರವೇ. ಆ ಯಂತ್ರವನ್ನು ಅಂಗಡಿಯಿಂದ ತರಿಸಲಾಗದು, ಮಕ್ಕಳಲ್ಲಿ ಬೆಳೆಸಬೇಕು.

೨೦೦೮ರ ನವೆಂಬರ್ ೧೪ರಂದು ಚಂದ್ರಯಾನ-೧ರಿಂದ ಬೇರ್ಪಟ್ಟು ಚಂದ್ರನ ದಕ್ಷಿಣಧ್ರುವದ ಬಳಿ ಬಿದ್ದ ಭಾರತದ ಶೋಧಕದಲ್ಲಿದ್ದ ಮೂರು ಉಪಕರಣಗಳಲ್ಲಿ ಒಂದು ವಿಡಿಯೋ ಕ್ಯಾಮರಾ. ೨೦೨೩ರ ಆಗಸ್ಟ್ ೨೩ರ ಸಂಜೆ ೬ ಗಂಟೆ ೪ ನಿಮಿಷಕ್ಕೆ ಚಂದ್ರಯಾನ-೩ರ ವಿಕ್ರಮ ನೌಕೆ ಇಳಿದಾಗ, ಬೆಂಗಳೂರಿನ ನಿಯಂತ್ರಣ ಕೇಂದ್ರದತ್ತ ದೇಶವೇ ಕಣ್ಣಿಟ್ಟು ಕುಳಿತಿತ್ತು. ಆ ವಿಜಯದ ಹಿಂದೆ ಯಾವ ಯಾವ ಊರಿನ ಯಾವ ಯಾವ ಮಾಸ್ತರರ ಸಂಜೆಗಳು ಸಂದಿವೆಯೋ ಲೆಕ್ಕವಿಟ್ಟವರಿಲ್ಲ. ವಿದ್ಯಾಸಂಸ್ಥೆಗಳಿಗೆ ಉದಾರಿಗಳಾದ ದಾನಿಗಳು ಉಪಕರಣಗಳನ್ನು ಕೊಡುತ್ತಾರೆ. ಅವುಗಳಲ್ಲಿ ಕೆಲವು ದಾತೃಗಳ ಹೆಸರಿನ ಫಲಕದೊಡನೆ ಗಾಜಿನ ಕಪಾಟಿನಲ್ಲಿ ಹೊಳೆಯುತ್ತಿರುತ್ತವೆ. ವರ್ಷಕ್ಕೊಮ್ಮೆ ಪ್ರದರ್ಶನದ ದಿನ ಧೂಳು ಒರೆಸಲ್ಪಡುತ್ತವೆ. ಉಪಕರಣ ಒಡೆದೀತೆಂಬ ಭಯ ಶಿಕ್ಷಕರಿಗೆ ಸಹಜವೇ. ಆದರೆ ಮಕ್ಕಳ ಕೈ ಮುಟ್ಟದ ದೂರದರ್ಶಕವು ಒಡೆಯದೆಯೂ ವ್ಯರ್ಥವಾದಂತೆಯೇ. ಪಂಕ್ತಿಯಲ್ಲಿ ಕುಳಿತವರೆಲ್ಲರಿಗೂ ಬಡಿಸಿದಾಗಲೇ ದಾಸೋಹವು ದಾಸೋಹವೆನಿಸುವಂತೆ, ಸಾಲಿನ ಕೊನೆಯ ಮಗುವೂ ಬಗ್ಗಲಾರದ ವೃದ್ಧೆಯೂ ಕಂಡಾಗಲೇ ದರ್ಶನವು ಪೂರ್ಣವಾಗುತ್ತದೆ. ಪರದೆಯ ಉಪಯೋಗ ಅಲ್ಲಿಯೇ. ಹಾಗೆಂದು ಪರದೆಯಲ್ಲಿಗೇ ನಿಲ್ಲತಕ್ಕದ್ದೂ ಅಲ್ಲ. ಮಾಸ್ತರರು ಪ್ರತಿ ಸಂಜೆಯ ಕೊನೆಗೆ ಕ್ಯಾಮರಾವನ್ನು ಕಳಚಿ, ಕಣ್ಣುಮಸೂರವನ್ನು ತೊಡಿಸಿ, ಪ್ರತಿಯೊಂದು ಮಗುವೂ ಒಮ್ಮೆ ತನ್ನ ಕಣ್ಣಿನಿಂದಲೇ ನೋಡುವಂತೆ ಮಾಡುತ್ತಾರೆ.

ಅಂದಿನ ೩,೦೦೦ ಚಿತ್ರಗಳನ್ನು ಆರಿಸುವ ಕೆಲಸ ಮರುದಿನ ನಡೆಯಿತು. ಗಣಕಯಂತ್ರವು ಆರಿಸಿದ್ದನ್ನು ಹುಡುಗಿ ತಾನೂ ಒಂದೊಂದಾಗಿ ನೋಡಿದಳು; ಅವಳು ಬೇಡವೆಂದ ಕೆಲವನ್ನು ಮಾಸ್ತರರು ಕಾರಣ ಕೇಳಿ ತೆಗೆಸಿದರು. ಕೂಡಿಬಂದ ಚಿತ್ರದಲ್ಲಿ ಹರ್ಷಲ್ ಕುಳಿಯ ನಡುವಿನ ಶಿಖರದ ತುದಿಗೆ ಬಿಸಿಲು ಹತ್ತಿದ್ದು ಕಾಣುತ್ತಿತ್ತು. ಅವಳ ಮೊಬೈಲಿನಲ್ಲಿ ಬರುವ ಚಿತ್ರಗಳಿಗಿಂತ ಅದು ಈಗಲೂ ಸಾಮಾನ್ಯವಾದುದೇ. ಅವುಗಳೊಡನೆ ಅದನ್ನು ಹೋಲಿಸಿ ನೋಡುವ ಮಾತನ್ನು ಅವಳು ಎತ್ತಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿ ಮಾಸ್ತರರ ಕಣ್ಣಿನ ಓರೆಗೆ ಹಿಡಿದು, ಶಿಖರದ ಬಿಸಿಲು ಯಾವ ಕಡೆಗಿದೆ, ನೆರಳು ಎಷ್ಟು ಉದ್ದವಿದೆ ಎಂದು ಬೆರಳಿಟ್ಟು ಹೇಳತೊಡಗಿದಳು. ಮಾಸ್ತರರು ಕಣ್ಣು ಮುಚ್ಚಿಕೊಂಡು ಕೇಳಿದರು. “ಬರೂ ಅಷ್ಟಮಿಗೆ ತಿರುಪು ನೀ ಹಿಡಿ, ನಾ ಕುಂದರ್ತೀನಿ” ಎಂದರು.